ಹೇಳದೆ ನಿಲ್ಲುವ ಡೀಸೆಲ್, ಹೇಳಿ ನಿಲ್ಲುವ ಪೆಟ್ರೋಲ್: ಮಲೆನಾಡಲ್ಲಿ ಎರಡು ಹಳೇ ಕಾರು ಓಡಿಸಿ ನೋಡಿದ್ದು

ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವವರು ನಮ್ಮ ಕಡೆ ಮೊದಲು ಕೇಳುವುದು ಮೈಲೇಜ್ ಎಷ್ಟು ಅಂತ. ಆಮೇಲೆ ಕೇಳುವುದು ಎಷ್ಟು ಓಡಿದೆ ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ನನ್ನನ್ನು ಕೇಳಿದರೆ ಬೇರೆ ಒಂದು ಮಾತು ಹೇಳುತ್ತೇನೆ. ಹಳೇ ಕಾರು ಒಂದಲ್ಲ ಒಂದು ದಿನ ಕೈಕೊಟ್ಟೇ ಕೊಡುತ್ತದೆ. ಕೈಕೊಡುವ ಮೊದಲು ಅದು ಏನಾದರೂ ಸುಳಿವು ಕೊಡುತ್ತದಾ ಇಲ್ಲವಾ, ಅದನ್ನು ನೋಡಿ.

ನಮ್ಮ ಮನೆ ಮೇಗರವಳ್ಳಿ ಕಡೆ. ಈ ಕಡೆ ತೀರ್ಥಹಳ್ಳಿ, ಆ ಕಡೆ ಆಗುಂಬೆ. 2021ರಲ್ಲಿ ನಾನು ಶಿವಮೊಗ್ಗದಲ್ಲಿ ಒಂದು ಡೀಸೆಲ್ ಕಾರು ತಗೊಂಡೆ. 2012ರ ಮಾಡೆಲ್, ಮೀಟರಿನಲ್ಲಿ 96,000 ಕಿ.ಮೀ., ಕೊಟ್ಟದ್ದು 2.60 ಲಕ್ಷ. ಅದೇ ವರ್ಷ ನಮ್ಮ ಭಾವ ಒಂದು ಪೆಟ್ರೋಲ್ ಕಾರು ತಗೊಂಡರು. 2013ರ ಮಾಡೆಲ್, 71,000 ಕಿ.ಮೀ., 2.75 ಲಕ್ಷ. ಮರುವರ್ಷ ಅವರು ಕೆಲಸದ ಮೇಲೆ ಊರು ಬಿಟ್ಟರು. ಕಾರು ನಮ್ಮ ಅಂಗಳಕ್ಕೆ ಬಂತು. "ಸುಮ್ನೆ ನಿಲ್ಲಿಸಬೇಡ, ಓಡಿಸ್ತಾ ಇರು" ಅಂದರು. ಹಾಗಾಗಿ 2022ರ ಏಪ್ರಿಲ್‌ನಿಂದ 2023ರ ಸೆಪ್ಟೆಂಬರ್‌ವರೆಗೆ, ಹದಿನೆಂಟು ತಿಂಗಳು, ಎರಡನ್ನೂ ಒಂದೇ ರಸ್ತೆಯಲ್ಲಿ, ಒಂದೇ ಮಳೆಯಲ್ಲಿ ಓಡಿಸಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಎರಡೂ ದಿನಾ ಕಾಣುವ ಸಣ್ಣ ಕಾರುಗಳು. ಇಲ್ಲಿ ಹೇಳುವ ತೊಂದರೆಗಳು ಯಾವ ಕಂಪನಿಯ ಹಳೇ ಗಾಡಿಗಾದರೂ ಬರುವಂಥವೇ.

ಡೀಸೆಲ್ ಮೊದಲ ಸಲ ನಿಂತದ್ದು 2022ರ ಮೇ ತಿಂಗಳಲ್ಲಿ. ಅಮ್ಮನನ್ನು ಮಣಿಪಾಲಕ್ಕೆ ತೋರಿಸಿಕೊಂಡು ವಾಪಸ್ ಬರುತ್ತಿದ್ದೆ. ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರು ಮಾಡಿದ್ದೆವು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಅರ್ಧಕ್ಕಿಂತ ಜಾಸ್ತಿ ಹತ್ತಿ ಆಗಿತ್ತು. ಒಂದು ತಿರುವು ಮುಗಿಸಿ ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ, ಇಂಜಿನ್ ಆಫ್. ಜರ್ಕ್ ಇಲ್ಲ, ಸದ್ದು ಇಲ್ಲ, ಮೊದಲೇ ಯಾವ ಲೈಟೂ ಬಂದಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹಿಡಿಯುವುದಿಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ಮೇಲಿಂದ ಬರುವ ಬಸ್ಸು ತಿರುವಿನಲ್ಲಿ ನಮ್ಮನ್ನು ನೋಡದಿದ್ದರೆ ಅನ್ನುವ ಹೆದರಿಕೆಗೆ ಅಮ್ಮನನ್ನು ಇಳಿಸಿ ಗೋಡೆ ಪಕ್ಕ ಕೂರಿಸಿದೆ. ಇಪ್ಪತ್ತೈದು ನಿಮಿಷ ಆದ ಮೇಲೆ ಮತ್ತೆ ಕೀ ತಿರುಗಿಸಿದರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಯಿತು.

ಒಂದು ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಾಯಿಸಿದರು. 1,400 ರೂಪಾಯಿ. ಹತ್ತು ದಿನಕ್ಕೆ ಮಂಡಗದ್ದೆ ಹತ್ತಿರ ಮತ್ತೆ ನಿಂತಿತು. ಇನ್ನೊಂದು ಕಡೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಹೋಗಿವೆ ಅಂದರು, 38,000 ಕೇಳಿದರು. ಹೂಂ ಅನ್ನುವವನೇ ಇದ್ದೆ. ಅಷ್ಟರಲ್ಲಿ ಪರಿಚಯದವರೊಬ್ಬರು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಅವರು ಬಾನೆಟ್ ತೆಗೆಯಲೇ ಇಲ್ಲ. ಮೊದಲು ಒಂದು ಪ್ರಶ್ನೆ ಕೇಳಿದರು.

"ಆಫ್ ಆದಾಗ ಗಾಡಿ ಇನ್ನೂ ಗೇರಲ್ಲಿ ಉರುಳ್ತಾ ಇತ್ತಲ್ಲ, ಆಗ ಆರ್‌ಪಿಎಂ ಮುಳ್ಳು ನಿಧಾನಕ್ಕೆ ಇಳೀತಾ, ಒಂದೇ ಸಲಕ್ಕೆ ಸೊನ್ನೆಗೆ ಬಿತ್ತಾ?"

ಒಂದೇ ಸಲಕ್ಕೆ ಬಿದ್ದಿತ್ತು. ಸ್ಟಾರ್ಟ್ ಮಾಡಲು ಸೆಲ್ಫ್ ಹೊಡೆಯುವಾಗಲೂ ಆ ಮುಳ್ಳು ಅಲ್ಲಾಡಿರಲಿಲ್ಲ. ಅದು ಕ್ರ್ಯಾಂಕ್ ಸೆನ್ಸರ್ ಅಂದರು. ಇಂಜಿನ್ ಯಾವ ವೇಗದಲ್ಲಿ ತಿರುಗುತ್ತಿದೆ, ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ, ಅಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ, ಹೇಳುವುದೇ ಈ ಸೆನ್ಸರ್. ಅದು ಹೇಳುವುದು ನಿಲ್ಲಿಸಿದರೆ ಇಸಿಯು ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಹಳೇದಾದ ಸೆನ್ಸರಿನ ಒಳಗಿನ ತೆಳು ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಇಂಜಿನ್ ಕಾಯುವುದು ಜಾಸ್ತಿ, ಎದುರಿಂದ ಬೀಸುವ ಗಾಳಿ ಕಡಿಮೆ. ಮೊದಲು ಅಲ್ಲೇ ನಿಂತದ್ದು ಯಾಕೆ ಅಂತ ಆಗ ಅರ್ಥವಾಯಿತು. ಸ್ಕ್ಯಾನರ್ ಹಾಕಿದಾಗ ಪಿ0335 ಅಂತ ಕೋಡ್ ಬಂತು. ಅದು ಇದೇ ಸೆನ್ಸರಿನ ಕೋಡ್. ಸೆನ್ಸರ್, ಕೂಲಿ ಎಲ್ಲ ಸೇರಿ 2,200 ರೂಪಾಯಿ. ಆ ತೊಂದರೆ ಮತ್ತೆ ಬರಲಿಲ್ಲ. ಆ ಮೆಕ್ಯಾನಿಕ್ ಕೇಳಿದ ಒಂದು ಪ್ರಶ್ನೆಯಿಂದ ನನ್ನ 36,000 ರೂಪಾಯಿ ಉಳಿಯಿತು. ನಿಮ್ಮ ಗಾಡಿ ಹೀಗೆ ನಿಂತರೆ ಸೆಲ್ಫ್ ಹೊಡೆಯುವಾಗ ಆ ಮುಳ್ಳಿನ ಮೇಲೆ ಒಂದು ಕಣ್ಣಿಡಿ.

ಡೀಸೆಲ್ ಎರಡನೇ ತರ ನಿಂತದ್ದು ಜುಲೈಯಲ್ಲಿ. ಇದರಲ್ಲಿ ನನ್ನ ತಪ್ಪೂ ಇದೆ. ಬಂಕಿಗೆ ಹೋಗಲು ಆಗದ ಒಂದು ದಿನ ಪಂಪ್‌ಸೆಟ್ಟಿಗೆ ಅಂತ ಇಟ್ಟಿದ್ದ ಕ್ಯಾನಿನ ಡೀಸೆಲ್ ಕಾರಿಗೆ ಸುರಿದಿದ್ದೆ. ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಕ್ಯಾನಿನೊಳಗೆ ಥಂಡಿಗೆ ನೀರು ಕೂರುತ್ತದೆ. ಡೀಸೆಲ್‌ಗಿಂತ ನೀರು ಭಾರ, ತಳಕ್ಕೆ ಇಳಿಯುತ್ತದೆ. ಹಳೇ ಕಾಲದ ಡೀಸೆಲ್ ಇಂಜಿನ್ ಸ್ವಲ್ಪ ಕೊಸರಾಡಿ ಓಡುತ್ತಿತ್ತೋ ಏನೋ. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಕೊಡುವ ಈಗಿನ ಕಾಮನ್ ರೈಲ್ ಇಂಜಿನ್ 1,000 ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತದೆ. ಅದಕ್ಕೆ ನೀರು ಆಗಿಬರುವುದಿಲ್ಲ.

ಈ ಸಲ ಘಾಟಿ ಇಳಿಯುತ್ತಿದ್ದೆ. ತಿರುವಿನಲ್ಲಿ ಗೇರ್ ಇಳಿಸಲು ಕ್ಲಚ್ ಒತ್ತಿದ ತಕ್ಷಣ ಇಂಜಿನ್ ಸತ್ತಿತು. ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಇಲ್ಲಿ ಒಂದು ವಿಷಯ ಎಲ್ಲರಿಗೂ ತಿಳಿದಿರಲಿ. ಇಂಜಿನ್ ನಿಂತರೆ ಬ್ರೇಕ್ ಪೂರ್ತಿ ಹೋಗುವುದಿಲ್ಲ. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತಲು ಸಾಕಾಗುತ್ತದೆ. ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಹಾಗಾಗಿ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಡಿ, ಒಂದೇ ಹಿಡಿತದಲ್ಲಿ ಒತ್ತಿ. ಕ್ಲಚ್ ಬಿಟ್ಟು ಸೆಕೆಂಡ್ ಗೇರಿನಲ್ಲೇ ಇರಿ. ಚಕ್ರ ಇಂಜಿನ್ನನ್ನು ತಿರುಗಿಸುತ್ತಾ ಇದ್ದರೆ ಗಾಡಿಯ ವೇಗ ತಾನಾಗಿ ಹಿಡಿತದಲ್ಲಿರುತ್ತದೆ, ವ್ಯಾಕ್ಯೂಮ್ ಪಂಪೂ ತಿರುಗುತ್ತಿರುತ್ತದೆ. ನ್ಯೂಟ್ರಲ್ ಮಾಡಲೇಬೇಡಿ. ಕೀ ಅಂತೂ ತೆಗೆಯಲೇಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ನಾನು ಇದನ್ನು ಮೊದಲೇ ಕೇಳಿ ತಿಳಿದಿದ್ದೆ, ಅದಕ್ಕೆ ರಸ್ತೆ ಅಗಲ ಇದ್ದ ಕಡೆ ನಿಲ್ಲಿಸಲು ಆಯಿತು. ಗಾಡಿಯನ್ನು ಅಲ್ಲಿಂದ ಶಿವಮೊಗ್ಗಕ್ಕೆ ಎಳೆಸಲು 6,500. ಟ್ಯಾಂಕ್ ತೊಳೆದು, ಫಿಲ್ಟರ್ ಹಾಕಿ, ಡೀಸೆಲ್ ಪೈಪಿನ ಏರ್ ತೆಗೆಯಲು 4,800. ಫಿಲ್ಟರಿನ ಕೆಳಗೆ ನೀರು ಬಿಡಲು ಒಂದು ಸ್ಕ್ರೂ ಇರುತ್ತದೆ ಅಂತ ಅವತ್ತು ತೋರಿಸಿದರು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ಸಡಿಲಿಸಿ ನೋಡುವುದು ಐದು ನಿಮಿಷದ ಕೆಲಸ.

ಇನ್ನೊಂದು ಸಲ, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿ ಪಿಕಪ್ ಬಿಟ್ಟಿತು. ಬಿಚ್ಚಿ ತೊಳೆಸಿದ್ದಕ್ಕೆ 3,000.

ಇನ್ನು ಪೆಟ್ರೋಲ್ ಕಾರು. ಅದೂ ಕೆಟ್ಟಿತು, ಡೀಸೆಲ್‌ನಷ್ಟೇ ಸಲ ಕೆಟ್ಟಿತು. ಆದರೆ ಒಮ್ಮೆಯೂ ರಸ್ತೆ ಮಧ್ಯೆ ನನ್ನನ್ನು ಬಿಟ್ಟುಹೋಗಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗುತ್ತಿತ್ತು. ಬಿಸಿಯಾದರೆ ಸರಿಯಾಗುತ್ತಿತ್ತು. ಒಂದು ವಾರ ಬಿಟ್ಟು ಏರಿನಲ್ಲಿ ತಡವರಿಸಲು ಶುರುವಾಯಿತು. ಆಮೇಲೆ ಚೆಕ್ ಇಂಜಿನ್ ಲೈಟ್ ಮಿನುಗಿತು. ಈ ಲೈಟ್ ಸುಮ್ನೆ ಹತ್ತಿಕೊಂಡು ಇರುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸ ಇದೆ. ಮಿನುಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ ಅಂತ. ಹಾಗೇ ಓಡಿಸಿದರೆ ಸೈಲೆನ್ಸರ್ ದಾರಿಯಲ್ಲಿದ್ದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಅದು ದೊಡ್ಡ ಖರ್ಚು. ತೀರ್ಥಹಳ್ಳಿಯ ಒಂದು ಸಣ್ಣ ಗ್ಯಾರೇಜಿನ ಹುಡುಗ ಎರಡನೇ ಸಿಲಿಂಡರಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿದ. ತೊಂದರೆಯೂ ಮೂರನೆಯದಕ್ಕೆ ಹೋಯಿತು. ಕಾಯಿಲ್ ಕೆಟ್ಟಿದೆ ಅನ್ನಲು ಅಷ್ಟು ಸಾಕಾಯಿತು. ಹೊಸದಕ್ಕೆ 1,600. ಮಧ್ಯಾಹ್ನ ಊಟದ ಹೊತ್ತಿಗೆ ಮನೆಯಲ್ಲಿದ್ದೆ.

ಪೆಟ್ರೋಲ್ ಪಂಪ್ ಹೋದಾಗಲೂ ಹಾಗೇ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು. ಅದು ಬರಬರುತ್ತಾ ಕೀರಲಾಯಿತು. ಬೆಳಗ್ಗೆ ಸೆಲ್ಫ್ ಜಾಸ್ತಿ ಹೊತ್ತು ಹೊಡೆಯಬೇಕಾಗುತ್ತಿತ್ತು. ಹತ್ತು ದಿನ ಹೀಗೆ ನಡೆದು ಕೊನೆಗೆ ನಮ್ಮ ಅಂಗಳದಲ್ಲೇ ನಿಂತಿತು. 5,200 ರೂಪಾಯಿ. ಆ ಪಂಪ್ ತಣ್ಣಗಿರುವುದು ಟ್ಯಾಂಕಿನಲ್ಲಿರುವ ಪೆಟ್ರೋಲ್‌ನಿಂದಲೇ. ಯಾವಾಗಲೂ ರಿಸರ್ವ್‌ನಲ್ಲಿ ಓಡಿಸುವವರ ಗಾಡಿಯಲ್ಲಿ ಅದು ಬೇಗ ಹೋಗುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೇರೆ ಇದೆ. ಎಥನಾಲ್ ತೇವ ಎಳೆದುಕೊಳ್ಳುತ್ತದೆ. ನಮ್ಮಂಥ ಥಂಡಿ ಊರಲ್ಲಿ ಖಾಲಿ ಟ್ಯಾಂಕ್ ಇಟ್ಟು ವಾರಗಟ್ಟಲೆ ಗಾಡಿ ನಿಲ್ಲಿಸುವುದು ಒಳ್ಳೆಯದಲ್ಲ.

ಒಂದು ವಿಷಯದಲ್ಲಿ ಪೆಟ್ರೋಲ್ ಕಾರು ನನಗೆ ಸಮಾಧಾನ ಕೊಡಲಿಲ್ಲ. ಅದರಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳೇ ಇಲ್ಲ. ಒಂದು ಕೆಂಪು ಲೈಟ್ ಮಾತ್ರ. ಅದು ಹತ್ತುವ ಹೊತ್ತಿಗೆ ಇಂಜಿನ್ ಕುದಿಯುತ್ತಿರುತ್ತದೆ, ಇಂಜಿನ್ನಿನ ಎರಡು ಭಾಗಗಳ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಲು ಅಷ್ಟು ಸಾಕು. ವಾಟರ್ ಪಂಪ್ ಸೋರುತ್ತಿದ್ದದ್ದು ನನಗೆ ಗೊತ್ತಾದದ್ದು ಅಂಗಳದ ಸಿಮೆಂಟಿನ ಮೇಲೆ ಬಿದ್ದ ಕೂಲಂಟ್‌ನ (ಇಂಜಿನ್ ತಣ್ಣಗಿಡುವ ದ್ರವ) ಹಸಿರು ಹನಿಯಿಂದ. ಮಣ್ಣಿನ ಅಂಗಳ ಆಗಿದ್ದರೆ ಕಾಣುತ್ತಲೇ ಇರಲಿಲ್ಲ. 2,900ಕ್ಕೆ ಮುಗಿಯಿತು. ಡೀಸೆಲ್ ಕಾರಿನಲ್ಲಿ ಮುಳ್ಳು ಇತ್ತು, ಏರು ಹತ್ತುವಾಗ ಅದನ್ನು ನೋಡಿಕೊಂಡು ಓಡಿಸುವುದು ಧೈರ್ಯ ಕೊಡುತ್ತಿತ್ತು. ಹಳೇ ಕಾರು ನೋಡಲು ಹೋದಾಗ ಈ ಮುಳ್ಳು ಇದೆಯಾ ಅಂತ ನೋಡಿ. ಇಂಜಿನ್ ತಣ್ಣಗಿರುವಾಗ ಆಯಿಲ್ ಮುಚ್ಚಳ ತೆಗೆದು ಒಳಗೆ ಹಾಲಿನ ಕೆನೆ ತರಹದ್ದು ಜಾಸ್ತಿ ಅಂಟಿದೆಯಾ ಅಂತಲೂ ನೋಡಿ. ಇದ್ದರೆ ಆಯಿಲ್‌ಗೆ ಕೂಲಂಟ್ ಸೇರಿರಬಹುದು. ಅಂಥ ಗಾಡಿಯನ್ನು ಚೆನ್ನಾಗಿ ಪರೀಕ್ಷೆ ಮಾಡಿಸದೆ ತಗೊಳ್ಳಬೇಡಿ.

ಇಲಿಗಳು ಮಾತ್ರ ಎರಡಕ್ಕೂ ಸಮನಾಗಿ ಬಂದವು. ಅಡಿಕೆ, ಹುಲ್ಲು ಇರುವ ಮನೆ, ಮಳೆಯಲ್ಲಿ ಬೆಚ್ಚಗಿನ ಬಾನೆಟ್. ಅವಕ್ಕೆ ಇನ್ನೇನು ಬೇಕು? ಪೆಟ್ರೋಲ್ ಕಾರಿನಲ್ಲಿ ಒಂದು ಕಾಯಿಲ್‌ನ ವೈರ್ ಕಡಿದಿದ್ದವು. ಉಳಿದ ಮೂರು ಸಿಲಿಂಡರಿನಲ್ಲಿ ಕುಂಟಿಕೊಂಡು ತೀರ್ಥಹಳ್ಳಿ ಗ್ಯಾರೇಜಿಗೆ ಬಂತು, 900 ರೂಪಾಯಿ. ಡೀಸೆಲ್‌ನಲ್ಲಿ ಇಂಜೆಕ್ಟರ್ ಪೈಪಿನ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರಿನ ವೈರ್ ಕಡಿದವು. ಸ್ಟಾರ್ಟೇ ಆಗಲಿಲ್ಲ, ಮೆಕ್ಯಾನಿಕ್ ಮನೆಗೆ ಬರಬೇಕಾಯಿತು, 1,500. ಹೊಗೆಸೊಪ್ಪು ಕಟ್ಟಿ ಇಟ್ಟು ನೋಡಿದೆ. ಮಳೆಗಾಲದ ಥಂಡಿಗೆ ಎರಡೇ ವಾರದಲ್ಲಿ ಅದರ ಘಾಟು ಹೋಗುತ್ತದೆ. ರಾತ್ರಿ ಬಾನೆಟ್ ತೆರೆದಿಟ್ಟು ಮೇಲೆ ಒಂದು ಬಲ್ಬ್ ಉರಿಸಿದ್ದು ನನಗೆ ಉಪಯೋಗಕ್ಕೆ ಬಂತು. ಬೆಚ್ಚಗೂ ಇರುವುದಿಲ್ಲ, ಕತ್ತಲೂ ಇರುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಹದಿನೆಂಟು ತಿಂಗಳಲ್ಲಿ ಡೀಸೆಲ್ ರಿಪೇರಿಗೆ ಹೋದದ್ದು 19,400. ಪೆಟ್ರೋಲ್‌ಗೆ 10,600. ಆದರೆ ಡೀಸೆಲ್ ನನಗೆ ಲೀಟರಿಗೆ 20 ಕಿ.ಮೀ. ಕೊಟ್ಟಿತು, ಪೆಟ್ರೋಲ್ 15. ತಿಂಗಳಿಗೆ 700 ಕಿ.ಮೀ. ಓಡಿಸಿದರೆ, ಆಗಿನ ರೇಟಿನಲ್ಲಿ ಪೆಟ್ರೋಲ್ 102, ಡೀಸೆಲ್ 88 ಅಂತ ಹಿಡಿದರೆ, ಡೀಸೆಲ್ ಕಾರಿಗೆ ತಿಂಗಳಿಗೆ 1,680 ರೂಪಾಯಿ ಉಳಿತಾಯ. ಹದಿನೆಂಟು ತಿಂಗಳಿಗೆ 30,000. ರಿಪೇರಿಯ ಹೆಚ್ಚಿನ ಖರ್ಚು ಕಳೆದರೂ 21,000 ಡೀಸೆಲ್ ಕಡೆಗೇ ಉಳಿಯುತ್ತದೆ. ಓಡಿಸುವ ಸುಖವೂ ಅದರಲ್ಲೇ ಜಾಸ್ತಿ. ಐದು ಜನ ಕೂತು ಡಿಕ್ಕಿಯಲ್ಲಿ ಅಡಿಕೆ ಮೂಟೆ ಇದ್ದರೂ ಮೂರನೇ ಗೇರಿನಲ್ಲಿ ಏರು ಹತ್ತುತ್ತಿತ್ತು. ಪೆಟ್ರೋಲ್ ಕಾರಿಗೆ ಎಸಿ ಆಫ್ ಮಾಡಿ ಸೆಕೆಂಡಿಗೆ ಬರಬೇಕು.

ಶಿವಮೊಗ್ಗ ಪೇಟೆಯಲ್ಲಿದ್ದು, ದಿನಾ ಭದ್ರಾವತಿಗೋ ಸಾಗರಕ್ಕೋ ಓಡಾಡುವವರಿಗೆ ಹಾಗಾಗಿ ನಾನು ಡೀಸೆಲ್ ಬೇಡ ಅನ್ನುವುದಿಲ್ಲ. ಆ ರಸ್ತೆಗಳಲ್ಲಿ ನಿಂತರೆ ಪಕ್ಕಕ್ಕೆ ತಳ್ಳಬಹುದು, ಫೋನ್ ಮಾಡಬಹುದು, ಮೆಕ್ಯಾನಿಕ್ ಬರುತ್ತಾರೆ. ನನ್ನ ದಾರಿ ಬೇರೆ. ನಾನು ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿದು ಹತ್ತಬೇಕು, ಅದೂ ಮಳೆಯಲ್ಲಿ, ಕೆಲವು ಸಲ ರಾತ್ರಿ. ತಿರುವಿನಲ್ಲಿ ಏನೂ ಹೇಳದೆ ಆಫ್ ಆಗುವ ಗಾಡಿ 21,000 ಉಳಿಸಿಕೊಟ್ಟರೂ ನನಗೆ ಬೇಡ. ಅಮ್ಮ ಒಮ್ಮೆಯೂ ದೂರಲಿಲ್ಲ. ಆದರೆ ಮೇ ತಿಂಗಳ ಆ ದಿನದ ನಂತರ ಡೀಸೆಲ್ ಕಾರಿನಲ್ಲಿ ಘಾಟಿ ಹತ್ತುವಷ್ಟು ಹೊತ್ತೂ ಅವರ ಕೈ ಬಾಗಿಲಿನ ಹಿಡಿ ಬಿಡುತ್ತಿರಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಭಾವನ ಹತ್ತಿರ ಕೇಳಿ ಪೆಟ್ರೋಲ್ ಕಾರನ್ನು ನಾನೇ ಇಟ್ಟುಕೊಂಡೆ. ಡೀಸೆಲ್ ಕಾರನ್ನು ಶಿವಮೊಗ್ಗದ ಒಬ್ಬರಿಗೆ 1.90 ಲಕ್ಷಕ್ಕೆ ಕೊಟ್ಟೆ. ಎಲ್ಲೆಲ್ಲಿ ನಿಂತಿತ್ತು, ಏನೇನು ಬದಲಾಯಿಸಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಫಿಲ್ಟರಿನ ಕೆಳಗಿನ ಆ ಸ್ಕ್ರೂ ಎಲ್ಲಿದೆ ಅಂತ ಅವರನ್ನು ಬಗ್ಗಿಸಿ ತೋರಿಸಿದೆ. ಅವರು ಅದನ್ನು ಕೈಯಿಂದ ಮುಟ್ಟಿ ನೋಡಿಕೊಂಡೇ ಕೀ ತಗೊಂಡರು.