ಮನೆಯಲ್ಲಿ ಇಬ್ಬರಿಗೂ ‘ಹುಳ’ ಕಾಣುತ್ತಿದೆಯೇ? ಔಷಧ ಹೊಡೆಸುವ ಮುಂಚೆ ಇದನ್ನು ಓದಿ

ಅಮ್ಮನಿಗೆ ಮೈಮೇಲೆ ಏನೋ ಹರಿದಾಡಿದ ಹಾಗೆ. ತಿಂಗಳುಗಟ್ಟಲೆ ಅದೇ ಮಾತು. ಜೊತೆಗಿರುವ ಮಗಳಿಗೂ ತುರಿಕೆ ಶುರುವಾಗುತ್ತದೆ. ಇಬ್ಬರೂ ಸೇರಿ ಹಾಸಿಗೆ ಸುಡುತ್ತಾರೆ, ಮನೆ ಬದಲಿಸುತ್ತಾರೆ. ಹೊಸ ಮನೆಯಲ್ಲೂ ಹುಳ!

‘ಒಬ್ಬರಿಗಾದರೆ ಭ್ರಮೆ, ಇಬ್ಬರಿಗೂ ಕಂಡರೆ ನಿಜವೇ ಅಲ್ಲವೇ?’ ಉಳಿದವರು ಮೋಸಹೋಗುವುದು ಇಲ್ಲೇ. ಒಬ್ಬರ ಗಟ್ಟಿ ನಂಬಿಕೆ ಒಟ್ಟಿಗಿರುವ ಆಪ್ತರಿಗೂ ಅಂಟುತ್ತದೆಂದು ಫ್ರಾನ್ಸಿನ ವೈದ್ಯರಾದ ಲಾಸೆಗ್ ಮತ್ತು ಫಾಲ್ರೆ 1877ರಲ್ಲೇ ಬರೆದಿದ್ದರು.

ಹಾಗೆಂದು ನೇರವಾಗಿ ‘ಮನಸ್ಸಿನ ಕಾಯಿಲೆ’ ಎಂದುಬಿಡಬೇಡಿ. ಮೊದಲು ಚರ್ಮದ ವೈದ್ಯರು ನೋಡಲಿ. ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ, ರಾತ್ರಿ ಹೆಚ್ಚುವ ತುರಿಕೆ ಇದ್ದರೆ ಅದು ಸಣ್ಣ ಹುಳದಿಂದ ಬರುವ ನಿಜವಾದ ಕಜ್ಜಿ (ಸ್ಕೇಬೀಸ್) ಇರಬಹುದು. ಅದಕ್ಕೆ 5% ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ಸುಮಾರು ವಾರದ ನಂತರ ಇನ್ನೊಮ್ಮೆ. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ಹುಳ ಸತ್ತ ಮೇಲೂ 2ರಿಂದ 4 ವಾರ ತುರಿಕೆ ಉಳಿಯುತ್ತದೆ. ‘ಇನ್ನೂ ಸತ್ತಿಲ್ಲ’ ಎಂದು ದಿನಾ ಹಚ್ಚಿದರೆ ಚರ್ಮ ಒಣಗಿ ತುರಿಕೆ ಹೆಚ್ಚುತ್ತದೆ. ಆ ತುರಿಕೆಯೇ ಹುಳಕ್ಕೆ ಸಾಕ್ಷಿಯಾಗುತ್ತದೆ.

ಬೆಂಕಿಪೊಟ್ಟಣದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ‘ಹುಳ’ ಕೂಡಿಟ್ಟಿದ್ದರೆ ಬಿಸಾಡಬೇಡಿ, ವೈದ್ಯರಿಗೆ ಕೊಡಿ. ಸೂಕ್ಷ್ಮದರ್ಶಕದಲ್ಲಿ ಅದು ಬಟ್ಟೆಯ ನೂಲೋ, ಒಣಗಿದ ಗಾಯದ ಹಕ್ಕಳೆಯೋ ಎಂದು ಗೊತ್ತಾಗುತ್ತದೆ. ಬಿ12, ಥೈರಾಯ್ಡ್, ಸಕ್ಕರೆ, ಕಿಡ್ನಿ, ಲಿವರ್ ಪರೀಕ್ಷೆ ಮಾಡಿಸಿ. ಇವುಗಳ ತೊಂದರೆಯಿಂದಲೂ ಮೈಮೇಲೆ ಏನೋ ಹರಿದಾಡಿದ ಹಾಗಾಗುತ್ತದೆ. ತೆಗೆದುಕೊಳ್ಳುವ ಮಾತ್ರೆಗಳನ್ನೂ ಒಂದೂ ಬಿಡದೆ ತೋರಿಸಿ.

ಸೀಮೆಎಣ್ಣೆ, ಫಿನಾಯಿಲ್ ಮೈಗೆ ಸೋಕಬಾರದು, ಚರ್ಮ ಸುಡುತ್ತದೆ. ಕಾಳಿನ ಚೀಲಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮನೆಯೊಳಗೆ ತರಲೇಬೇಡಿ. ಗಾಳಿಯ ತೇವ ತಗುಲಿದರೆ ಸಾಕು, ಅದರಿಂದ ಫಾಸ್ಫೀನ್ ಅನಿಲ ಹೊರಬಂದು ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು.

ಮಾತಾಡುವಾಗ ‘ಹೌದು, ನನಗೂ ಕಂಡಿತು’ ಎನ್ನಬೇಡಿ. ‘ಹುಚ್ಚು’ ಎಂದೂ ಅನ್ನಬೇಡಿ. ‘ಅಮ್ಮಾ, ನಿಂಗೆ ಕಷ್ಟ ಆಗ್ತಿರೋದು ನಿಜ. ನಿದ್ದೆ ಇಲ್ಲ, ಮೈಯೆಲ್ಲ ಗಾಯ. ಅದಕ್ಕೆ ಔಷಧಿ ತಗೊಳ್ಳೋಣ’ ಅನ್ನಿ. ಮನೋವೈದ್ಯರು ಸಣ್ಣ ಪ್ರಮಾಣದಲ್ಲಿ ಕೊಡುವ ರಿಸ್ಪೆರಿಡಾನ್‌ನಂಥ, ಭ್ರಮೆ ತಗ್ಗಿಸುವ ಮಾತ್ರೆಯಿಂದ ಬಹಳ ಜನರಿಗೆ ಗುಣ ಕಂಡಿದೆ. ಯಾರಿಗೆ ಮೊದಲು ಶುರುವಾಯಿತು ಎಂಬುದನ್ನು ಮರೆಯದೆ ಹೇಳಿ. ಎರಡನೆಯವರು ಸ್ವಲ್ಪ ಕಾಲ ಬೇರೆ ಕಡೆ ಇದ್ದರೆ, ಕೆಲವೊಮ್ಮೆ ಅಷ್ಟರಿಂದಲೇ ಸರಿಹೋಗುತ್ತಾರೆ.

ಮನೆಯಲ್ಲಿ ಮಗುವಿದ್ದು, ಅದರ ಮೈಯನ್ನೂ ಕೆರೆದು ಔಷಧ ಹಚ್ಚುತ್ತಿದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ದೊಡ್ಡವರ ವಿಷಯಕ್ಕೆ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.