ಠಾಣೆಯಲ್ಲಿ ಬಾಯಿ ಬಿಡದ ರಿವಾಲ್ವರ್: ಎರಡೂವರೆ ವರ್ಷದ ಬಳಕೆ

ಕಂಪನಿಯ ಹೆಸರು ಬರೆಯುವುದಿಲ್ಲ. ರಿಪೇರಿ ಖರ್ಚು ಯಾರು ಕೊಡಬೇಕು ಅನ್ನೋ ತಕರಾರು ಇನ್ನೂ ಮುಗಿದಿಲ್ಲ, ನಡುವೆ ಹೆಸರು ಎತ್ತಿ ಕೆಲಸ ಕೆಡಿಸಿಕೊಳ್ಳುವುದು ಬೇಡ. .32 ಬೋರು, ಆರು ಗುಂಡು, ಗುಂಡು ತುಂಬುವ ಸಿಲಿಂಡರ್ ಎಡಪಕ್ಕಕ್ಕೆ ತೆರೆದುಕೊಳ್ಳುವ ಹೊಸ ಮಾದರಿ. ತೂಕ, ಉದ್ದ ಎಲ್ಲಾ ಅಂಗಡಿಯವರ ಕಾಗದದಲ್ಲಿ ಇರುತ್ತೆ, ನೋಡಿಕೊಳ್ಳಿ. ನಾನು 2023ರ ಜನವರಿಯಲ್ಲಿ ತಗೊಂಡೆ. ಬೆಲೆಯ ಮೇಲೆ ಆಗ 28 ಪರ್ಸೆಂಟ್ ಜಿಎಸ್‌ಟಿ ಬೇರೆ. ಆ ವರ್ಷ ಮಿಲ್ಲಿಗೆ ಹೊಸ ಮೋಟಾರು ಹಾಕಿಸಬೇಕಿತ್ತು, ಹಳೇದಕ್ಕೇ ವೈಂಡಿಂಗ್ ಮಾಡಿಸಿ ಇದನ್ನು ತಂದೆ. ಅದಕ್ಕೇ ಸಿಟ್ಟು ಸ್ವಲ್ಪ ಜಾಸ್ತಿ.

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್. ತೊಗರಿ ಸೀಜನ್ನಿನಲ್ಲಿ ಗಂಜ್‌ಗೂ (ಧಾನ್ಯದ ಮಾರುಕಟ್ಟೆ) ಬ್ಯಾಂಕಿಗೂ ದಿನಕ್ಕೆ ಎರಡು ಸಲ ಓಡಾಟ. ಈಗ ಹೆಚ್ಚಿನ ಲೆಕ್ಕ ಆರ್‌ಟಿಜಿಎಸ್‌ನಲ್ಲೇ ಮುಗಿದರೂ ಹಮಾಲರಿಗೆ, ನಾಲ್ಕು ಚೀಲ ತರುವ ರೈತರಿಗೆ ಕೈಗೇ ಎಣಿಸಿ ಕೊಡಬೇಕು. ಅಪ್ಪನ ಕಾಲದಿಂದಲೂ ಮನೆಯಲ್ಲಿ ಲೈಸೆನ್ಸ್ ಇದೆ. ಅಪ್ಪನದು ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಹಳೇ ರಿವಾಲ್ವರ್. ಮೇಲಿನ ಕೊಕ್ಕೆ ಒತ್ತಿದರೆ ನಡು ಮುರಿದು ನಳಿಕೆ ಕೆಳಕ್ಕೆ ಬಾಗುತ್ತೆ, ಆರೂ ಕಾಡತೂಸು ಒಟ್ಟಿಗೇ ಎದ್ದು ನಿಲ್ಲುತ್ತವೆ. ನಮ್ಮ ಕಡೆ ರಿವಾಲ್ವರ್ ಅಂದರೆ ಹೀಗೆ ಮುರಿಯುವುದೇ ಅಂತ ನಾನೂ ತಿಳಿದಿದ್ದೆ. ಹೊಸದರಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತೆ, ಮುಂದೆ ಇರುವ ರಾಡನ್ನು ಒತ್ತಿದರೆ ಖಾಲಿ ಕೋಶಗಳು ಉದುರುತ್ತವೆ. ಆ ರಾಡಿಗೆ ನಳಿಕೆಯ ಕೆಳಗೆ ಪೂರ್ತಿ ಉಕ್ಕಿನ ಹೊದಿಕೆ. ನೋಡಲು ಭಾರಿ ಚೆಂದ. ಆ ಚೆಂದಕ್ಕೇ ನಾನು ಬಿದ್ದಿದ್ದು.

ಮೊದಲು ಒಳ್ಳೇದನ್ನು ಹೇಳಿಬಿಡುತ್ತೇನೆ. ಅನುಮತಿ ಇರುವ ರೇಂಜಿನಲ್ಲಿ ಎರಡು ಸಲ ಹೊಡೆದಿದ್ದೇನೆ, ಎರಡೂ ಸೇರಿ ಐವತ್ತು ಗುಂಡು. ಒಂದೂ ಠುಸ್ ಆಗಲಿಲ್ಲ. ಅಪ್ಪನ ವೆಬ್ಲಿಯಲ್ಲಿ ನಾನು ಹಲಗೆಗೆ ಹೊಡೆದರೆ ಸಾಕು ಅಂತಿದ್ದೆ, ಇದರಲ್ಲಿ ನಡುವಿನ ಕಪ್ಪು ಗುರುತಿಗೇ ಬಿತ್ತು. ಕೈಯಲ್ಲಿ ಕೂರುವ ರೀತಿ, ಹಿಡಿಯ ರಬ್ಬರು, ಎಲ್ಲಾ ಪಸಂದ.

ಆದರೆ ರೇಂಜಿಗೆ ಹೋಗೋದು ವರ್ಷಕ್ಕೊಮ್ಮೆ. ವಾರವಾರ ಆಗೋದು ಒರೆಸೋ ಕೆಲಸ. ಭಾನುವಾರ ಬೆಳಿಗ್ಗೆ ಜೋಳದ ರೊಟ್ಟಿ ತಿಂದಾದ ಮೇಲೆ ಜಮಖಾನೆ ಹಾಸಿ ಕೂಡುತ್ತೇನೆ. ಆರು ಕಾಡತೂಸು ತೆಗೆದು ಮಗಳು ಶಾಲೆಗೆ ಒಯ್ಯುತ್ತಿದ್ದ ಸ್ಟೀಲಿನ ಡಬ್ಬಿಗೆ ಹಾಕುವುದು, ಎಣಿಸುವುದು, ಮುಚ್ಚಳ ಹಾಕಿ ಬೇರೆ ಕೋಣೆಯಲ್ಲಿಟ್ಟು ಬಂದು ಮತ್ತೊಮ್ಮೆ ಆರೂ ತೂತು ಬೆಳಕಿಗೆ ಹಿಡಿದು ನೋಡುವುದು. ಹಳೇ ಬನಿಯನ್ ಹರಿದ ತುಂಡು, ಹಲ್ಲುಜ್ಜೋ ಬ್ರಷ್ಷು, ಹೊಲಿಗೆ ಮಷೀನಿನ ಎಣ್ಣೆ. ಇಷ್ಟೇ ಸಾಮಾನು. ನಮ್ಮ ಮನೆಯವರು ದೂರದಿಂದಲೇ, "ದೇವರ ಪೂಜಾಕ್ಕ ಇಷ್ಟೊತ್ತು ಕುಂತಿದ್ರ ಪುಣ್ಯಾರೆ ಬರ್ತಿತ್ತು" ಅಂತಾರೆ. ಮಹಾನವಮಿಗೆ ಆಯುಧಗಳ ಸಾಲಿನಲ್ಲಿ ತೂಕದ ಕಲ್ಲು, ಮಿಲ್ಲಿನ ಪಾನಾ, ಇದು, ಎಲ್ಲಕ್ಕೂ ಕುಂಕುಮ ಅವರೇ ಇಡೋದು. ಕುಂಕುಮ ಕೂಡ ಒಂದು ಧೂಳೇ ಅನ್ನೋದು ಮರುದಿನ ಒರೆಸುವಾಗ ಗೊತ್ತಾಗುತ್ತೆ.

ಧೂಳಿನ ಮಾತು ಬಂತಲ್ಲ. ದಾಲ್ ಮಿಲ್ಲಿನಲ್ಲಿ ತೊಗರಿ ಹೊಟ್ಟಿನ ನುಣ್ಣನೆ ಪುಡಿ ಗಾಳಿಯಲ್ಲೇ ಇರುತ್ತೆ, ಅಂಗಿ ಕಿಸೆಯಲ್ಲಿಯೂ, ಚಹಾದ ಮೇಲೂ. ಪಕ್ಕಕ್ಕೆ ತೆರೆಯುವ ರಿವಾಲ್ವರಿನಲ್ಲಿ ಕಾಡತೂಸನ್ನು ಹೊರತಳ್ಳುವ ನಕ್ಷತ್ರದಾಕಾರದ ತಗಡು ಇರುತ್ತಲ್ಲ, ಅದರ ಅಡಿಗೆ ಒಂದು ಹರಳಿನಷ್ಟು ಕಸ ಹೊಕ್ಕರೂ ತಗಡು ಕೂದಲೆಳೆಯಷ್ಟು ಮೇಲೇಳುತ್ತೆ, ಸಿಲಿಂಡರ್ ಹಿಂದೆ ತಿಕ್ಕುತ್ತೆ, ಟ್ರಿಗರ್ ಭಾರವಾಗುತ್ತೆ. ಮೊದಲ ವರ್ಷವೇ ಇದು ಆಯಿತು. ಬ್ರಷ್ಷಿನಿಂದ ನಕ್ಷತ್ರದ ಅಡಿ ತಿಕ್ಕಿದೆ, ಸರಿಹೋಯಿತು. ಅಲ್ಲಿಗೆ ಎಣ್ಣೆ ಹಾಕಬಾರದು, ಒಣಗಿಯೇ ಇರಬೇಕು. ಎಣ್ಣೆ ಇದ್ದರೆ ಹೊಟ್ಟು ಹಿಟ್ಟಿನಂತೆ ಅಂಟಿ ಕೂಡುತ್ತೆ. ಇನ್ನು ಮೇ ತಿಂಗಳ ಬಿಸಿಲಲ್ಲಿ ಬೆವರು ಚರ್ಮದ ಚೀಲಕ್ಕೆ ಇಳಿದು ಒಳಗೇ ತುಕ್ಕು ಹಿಡಿಸುತ್ತೆ, ಅದಕ್ಕೇ ರಾತ್ರಿ ಚೀಲದಿಂದ ತೆಗೆದು ಬೇರೆ ಇಡುತ್ತೇನೆ.

ಈಗ ಆ ದಿನದ ಕಥೆ. 2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವವರಲ್ಲಿ ಹೆಚ್ಚಿನವರು ಠಾಣೆಗೆ ಆಯುಧ ಜಮಾ ಮಾಡಬೇಕು, ಫಲಿತಾಂಶ ಬಂದ ಮೇಲೆ ವಾಪಸು. ಹಿಂದಿನ ವರ್ಷ ವಿಧಾನಸಭೆಗೂ ಕೊಟ್ಟಿದ್ದೆ, ಮಾಲ್‌ಖಾನಾದಲ್ಲಿ (ಠಾಣೆಯ ಸಾಮಾನಿನ ಕೋಣೆ) ತಿಂಗಳ ಮೇಲೆ ಬಿದ್ದು ನಳಿಕೆಯ ತುದಿಗೆ ಕಂದು ಚುಕ್ಕಿ ಬಂದಿತ್ತು. ಈ ಸಲ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಕೊಡೋಣ ಅಂತ ಮೊದಲೇ ತಯಾರಿ. ಎರಡು ವಾರದಿಂದ ಟ್ರಿಗರ್ ಮತ್ತೆ ಭಾರ ಅನಿಸುತ್ತಿತ್ತು. ಹೊಟ್ಟು ಇರಬೇಕು, ಭಾನುವಾರ ನೋಡೋಣ ಅಂದುಕೊಂಡೆ. ಸೀಜನ್ನಿನ ಗದ್ದಲದಲ್ಲಿ ಆ ಎರಡು ಭಾನುವಾರ ಜಮಖಾನೆ ಹಾಸಲೇ ಇಲ್ಲ. ತಪ್ಪು ನನ್ನದೂ ಇದೆ. ಗಂಜ್‌ನಿಂದ ಸೀದಾ, ತುಂಬಿದ್ದನ್ನೇ ಸೊಂಟಕ್ಕಿಟ್ಟುಕೊಂಡು ಠಾಣೆಗೆ ಹೋದೆ.

"ಸಾವುಕಾರ್ರ, ಖಾಲಿ ಮಾಡಿ ಕೊಡ್ರಿ," ಅಂದ ಬರೆಯುವ ಪೇದೆ.

ಸಿಲಿಂಡರ್ ಬಿಡಿಸುವ ಲ್ಯಾಚ್ ಒತ್ತಿದೆ. ಅದು ಅಲುಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಇಲ್ಲ.

"ತೆರಿವಲ್ದು ರೀ," ಅಂದೆ.

"ಒಳಗ ಗುಂಡು ಅವ ಏನ್ರಿ?"

"ಆರೂ ಅವ."

ಕೋಣೆ ಖಾಲಿಯಾಗಲು ಎಷ್ಟು ಹೊತ್ತು ಬೇಕು ಅಂತ ನನಗೆ ಅವತ್ತು ತಿಳಿಯಿತು. ಕೊನೆಗೆ ಬಾಗಿಲ ಬಳಿ ನೇತಾಡುತ್ತಿದ್ದ ಕೆಂಪು ಬಣ್ಣದ ಮರಳಿನ ಬಕೆಟ್ ಇಳಿಸಿ, ನಳಿಕೆಯನ್ನು ಮರಳಿನ ಕಡೆ ಮಾಡಿ, ಟ್ರಿಗರ್‌ನಿಂದ ಬೆರಳು ದೂರ ಇಟ್ಟು ಮುಕ್ಕಾಲು ತಾಸು ಹಾಗೇ ಕುಕ್ಕರುಗಾಲಲ್ಲಿ ಕುಂತೆ. ಒಬ್ಬ ಪೇದೆ ಹೋಗಿ ಬಂದೂಕು ರಿಪೇರಿಯ ಚಾಚಾ ಅವರನ್ನು ಬೈಕಿನ ಮೇಲೆ ಕರೆತಂದ. ಹೊರಗೆ ನಿಂತವರಲ್ಲಿ ನನ್ನ ಹಾಗೇ ಜಮಾ ಮಾಡಲು ಬಂದ ಗೌಡರೊಬ್ಬರು, ಹೆಗಲ ಮೇಲೆ ಹಳೇ ಜೋಡು ನಳಿಕೆ. ಅವರ ಮುಖದ ಮೇಲಿನ ನಗು ಇವತ್ತೂ ಮರೆತಿಲ್ಲ.

ಚಾಚಾ ನೋಡಿದ ಕೂಡಲೇ, "ರಾಡ್ ಬಿಚ್ಚಿಕೊಂಡದ, ಏನೂ ಫಿಕರ್ ಮಾಡಬ್ಯಾಡ್ರಿ" ಅಂದರು. ಖಾಲಿ ಕೋಶ ಹೊರತಳ್ಳುವ ಆ ರಾಡ್ ಒಳಗೆ ಚೂಡಿಯಿಂದ, ಅಂದರೆ ಸ್ಕ್ರೂವಿನ ಹಾಗೆ ಎಳೆಗಳಿಂದ, ಕೂತಿರುತ್ತೆ. ಟ್ರಿಗರ್ ಎಳೆದಾಗೆಲ್ಲ ಸಿಲಿಂಡರ್ ತಿರುಗುತ್ತೆ. ಚೂಡಿಯ ದಿಕ್ಕು ತಿರುಗುವ ದಿಕ್ಕಿಗೆ ಹೊಂದದಿದ್ದರೆ ರಾಡ್ ಒಂದೊಂದೇ ಎಳೆ ಸಡಿಲವಾಗಿ ಮುಂದಕ್ಕೆ ಬರುತ್ತೆ, ಎದುರಿನ ಕೊಕ್ಕೆಗೆ ಒತ್ತಿ ನಿಲ್ಲುತ್ತೆ. ಆಮೇಲೆ ಲ್ಯಾಚ್ ಒತ್ತಿ ಪ್ರಯೋಜನವಿಲ್ಲ. ಭಾರವಾದ ಟ್ರಿಗರ್‌ಗೂ ಇದೇ ಕಾರಣ, ಬಡಪಾಯಿ ಹೊಟ್ಟನ್ನು ಸುಮ್ಮನೆ ಬೈದಿದ್ದೆ. ಚಾಚಾ ಹೊದಿಕೆಯ ಸೀಳಿನಿಂದ ಸಣ್ಣ ಚಿಮುಟ ತೂರಿಸಿ, ತುದಿಗೆ ಚರ್ಮದ ಚೂರು ಇಟ್ಟು, ಕಾಲು ಕಾಲು ಸುತ್ತು ಬಿಗಿದರು. ಹೊದಿಕೆ ಇಲ್ಲದಿದ್ದರೆ ಎರಡು ಬೆರಳಿನ ಕೆಲಸ. ನಾನು ಮರುಳಾದ ಚೆಂದದ ಹೊದಿಕೆಯೇ ಅಡ್ಡ. ಹತ್ತು ನಿಮಿಷಕ್ಕೆ ಕಟಕ್ಕನೆ ತೆರೆಯಿತು. ಆರೂ ಕಾಡತೂಸು ಮರಳಿನ ಮೇಲೆ ಬಿದ್ದಾಗ ಹೊರಗಿನಿಂದ ಯಾರೋ ಚಪ್ಪಾಳೆ ಹೊಡೆದರು.

ಇದು ಹೊಸ ರೋಗವೂ ಅಲ್ಲ. ಅಮೆರಿಕದ ಸ್ಮಿತ್ ಅಂಡ್ ವೆಸನ್‌ನವರು 1960ರ ದಶಕದ ಆರಂಭದಲ್ಲೇ ಇದಕ್ಕಾಗಿ ರಾಡಿನ ಚೂಡಿಯನ್ನು ಎಡಮುಖ ಮಾಡಿದರು. ಅರವತ್ತು ವರ್ಷದ ಹಿಂದೆ ಸಿಕ್ಕ ಉತ್ತರ ನನ್ನ ಕೈಗೆ ಬಂದ ಮಾಲಿನಲ್ಲಿ ಯಾಕಿಲ್ಲ? ಇದನ್ನೇ ಅಂಗಡಿಯವರಿಗೆ ಕೇಳಿದೆ. "ಕಂಪನಿಗೆ ಕಳಿಸ್ರಿ" ಅಂದರು. ಆಯುಧ ಕಳಿಸುವುದೆಂದರೆ ತೊಗರಿ ಬೇಳೆ ಪಾರ್ಸೆಲ್ ಮಾಡಿದಂತಲ್ಲ, ಕಾಗದಪತ್ರಕ್ಕೇ ಒಂದು ಸೀಜನ್ ಹೋಗುತ್ತೆ. ಚಾಚಾ ಚೂಡಿ ಸಡಿಲಾಗದಂತೆ ಹಿಡಿಯುವ ನೀಲಿ ಅಂಟು, ಥ್ರೆಡ್‌ಲಾಕ್, ಒಂದು ಹನಿ ಹಾಕಿ ಬಿಗಿದು ಕೊಟ್ಟಿದ್ದೇ ಇಲ್ಲಿಯವರೆಗೆ ನಡೆದಿದೆ. ಜೂನ್‌ನಲ್ಲಿ ವಾಪಸು ಬಂದ ಮೇಲೆ ಒಮ್ಮೆಯೂ ಸಡಿಲಾಗಿಲ್ಲ.

ತಗೋಬಹುದಾ ಅಂತ ಕೇಳಿದರೆ: ವಾರಕ್ಕೊಮ್ಮೆ ಬಿಚ್ಚಿ ಕೂಡುವ ಅಭ್ಯಾಸ ಇದ್ದವರು ತಗೊಳ್ಳಿ. ಕಪಾಟಿನಲ್ಲಿಟ್ಟು ಮರೆಯುವವರಿಗೆ ನಡು ಮುರಿಯುವ ಹಳೇದೇ ಮೇಲು. ತಗೊಂಡ ದಿನವೇ ಅಂಗಡಿಯಲ್ಲಿ ಸಿಲಿಂಡರ್ ತೆರೆದು ರಾಡಿನ ತುದಿ ಹಿಡಿದು ತಿರುಗಿಸಿ ನೋಡಿ, ಬೆರಳಿಗೆ ಸಡಿಲ ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ಮದುವೆ ಮೆರವಣಿಗೆಯಲ್ಲಿ "ಮಾವಾರ, ಒಂದ್ ಹಾರಸ್ರಿ" ಅನ್ನುವ ಬೀಗರಿಗೆ ಬೇರೆಯೇ ಉತ್ತರ ಇದೆ: 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಎರಡು ವರ್ಷದವರೆಗೆ ಜೈಲು.

ನಾನಂತೂ ಮಾರುವುದಿಲ್ಲ. ಸಿಟ್ಟು ಅರ್ಧ ಇಳಿದಿದೆ, ಗುರಿ ಅಷ್ಟು ಚೆನ್ನಾಗಿದೆ. ಸೀಜನ್ನಿನಲ್ಲಿ ಗಂಜ್‌ಗೆ ಮಾತ್ರ ಅಪ್ಪನ ವೆಬ್ಲಿಯೇ ಬರುತ್ತೆ. ಹೊಸದು ಭಾನುವಾರದ ಜಮಖಾನೆಯ ಮೇಲೆ, ಈಗ ರಾಡಿಗೆ ಎರಡು ಬೆರಳು ಹಚ್ಚಿ ನೋಡುವ ಒಂದು ಕೆಲಸ ಹೆಚ್ಚಾಗಿದೆ. ಆ ಬರೆಯುವ ಪೇದೆ ಈಗಲೂ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತಾನೆ. ನಮಸ್ಕಾರಕ್ಕೂ ಮೊದಲು ಕೇಳುವುದು ಒಂದೇ: "ಸಾವುಕಾರ್ರ, ಇವತ್ತು ತೆರಿತದ ಏನ್ರಿ?"