ಮನೆ ನಾಯಿಯ ಫೋಟೋ: ಫೋನ್ ಸಾಕಾ, ಕ್ಯಾಮೆರಾ ಬೇಕಾ?

ಜಗಲಿ ಮೇಲೆ ಮಲಗಿದ ನಾಯಿಗೆ ಫೋನೇ ಸಾಕು. ಯಾವಾಗಲೂ ಕೈಯಲ್ಲೇ ಇರುತ್ತದೆ, ನಾಯಿಗೂ ಅದು ಹೊಸದಲ್ಲ. ನೀವು ನೆಲಕ್ಕೆ ಕೂತು ಅದರ ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು, ಅಷ್ಟೇ.

ಓಡುವ ನಾಯಿಯ ಮಾತೇ ಬೇರೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೊದಲೇ ಸಿಲ್ವರ್ ಓಕ್ ನೆರಳು. ಮಳೆಗಾಲದಲ್ಲಂತೂ ಮಧ್ಯಾಹ್ನವೇ ಮಬ್ಬು ಅಲ್ವಾ? ಬೆಳಕು ಕಡಿಮೆಯಾದರೆ ಫೋನ್ ಶಟರ್ ನಿಧಾನ ಮಾಡುತ್ತದೆ, ಅಂದರೆ ಹೆಚ್ಚು ಹೊತ್ತು ಬೆಳಕು ಒಳಗೆ ಬಿಡುತ್ತದೆ; ಬಾಲ, ಕಾಲು ಎಲ್ಲ ಕಲಸಿಹೋಗುತ್ತವೆ. ಕ್ಯಾಮೆರಾಗೆ 50 ಎಂಎಂ, ಎಫ್/1.8 ಅನ್ನುವ ಅಗಲ ಬಾಯಿಯ ಲೆನ್ಸ್ ಹಾಕಿದರೆ ಬೆಳಕು ಜಾಸ್ತಿ ಒಳಗೆ ಬರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಶಟರ್ 1/1000 ಸೆಕೆಂಡಿಗೆ ಇಡಿ. ನೆಗೆದ ನಾಯಿ ಗಾಳಿಯಲ್ಲೇ ನಿಲ್ಲುತ್ತದೆ! ಈಚಿನ ಎಷ್ಟೋ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ನಾಯಿಯ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ. ನನಗೆ ತುಂಬ ಹಿಡಿಸಿದ್ದು ಇದೇ.

ಕರಿ ನಾಯಿಯಾದರೆ ಫೋನ್, ಕ್ಯಾಮೆರಾ ಎರಡೂ ಎಡವುತ್ತವೆ. ಚಿತ್ರದ ತುಂಬ ಕಪ್ಪು ಮೈ ಇದ್ದರೆ ಅದನ್ನು ಬೂದು ಮಾಡಿಬಿಡುತ್ತವೆ. ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಕೊಂಚ ಇಳಿಸಿ. ಫ್ಲ್ಯಾಶ್ ಎರಡರಲ್ಲೂ ಬೇಡ, ಕಣ್ಣು ದೀಪದ ಹಾಗೆ ಹೊಳೆಯುತ್ತದೆ.

ನಿಮ್ಮದು ಮುದಿ ನಾಯಿಯಾದರೆ ಸುಮ್ನೆ ಕ್ಯಾಮೆರಾಗೆ ದುಡ್ಡು ಹಾಕಬೇಡಿ. ತುಂಟ ಮರಿಯಾದರೆ ಹಳೆಯ ಕ್ಯಾಮೆರಾ ಆದರೂ ಕೊಳ್ಳಿ.